ದಾಟದವರ ಲೆಕ್ಕ

ರಸ್ತೆಬದಿಯಲ್ಲಿ ಕೂತು ಗಾಡಿ ಎಣಿಸುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಕೂತು ನೋಡಬೇಕು. ಸಾರಿಗೆ ಸಂಶೋಧನಾ ಕಚೇರಿಯ ಲೆಕ್ಕದಮ್ಮ ಇಪ್ಪತ್ತೆರಡು ವರ್ಷ ಕೂತಿದ್ದಳು. ಕೈಯಲ್ಲಿ ಹಿಡಿದ ಎಣಿಕೆ ಯಂತ್ರದಲ್ಲಿ ಲಾರಿಗೊಂದು ಗುಂಡಿ, ಬಸ್ಸಿಗೊಂದು, ಆಟೋಗೊಂದು, ನಡೆದು ದಾಟುವವರಿಗೊಂದು. ಒತ್ತಿ ಒತ್ತಿ ಹೆಬ್ಬೆರಳು ಜೋಮು ಹಿಡಿದಿತ್ತು, ಹೊಗೆ ಕುಡಿದು ಗಂಟಲು ಕಟ್ಟಿತ್ತು. "ಊಟ ಮಾಡುವಾಗಲಾದ್ರೂ ಆ ಬೆರಳಿಗೆ ರಜಾ ಕೊಡೇ," ಎಂದು ಗಂಡ ರೇಗಿಸುತ್ತಿದ್ದ.

ಈ ಸಲ ಎಣಿಕೆ ಬಿದ್ದದ್ದು ಅವಳ ಅಕ್ಕನ ಮನೆ ಮುಂದಿನ ಹೆದ್ದಾರಿಗೆ. ಗಂಟೆಗೆ ಮುನ್ನೂರು ಜನ ನಡೆದು ದಾಟಿದರೆ ಸಿಗ್ನಲ್‌ಗೆ ಶಿಫಾರಸು; ಇಲ್ಲದಿದ್ದರೆ ಇಲ್ಲ. ಅಕ್ಕನಿಗೆ ಆ ಸಿಗ್ನಲ್ ಬೇಕೇ ಬೇಕಿತ್ತು. ಎರಡು ವರ್ಷದ ಹಿಂದೆ ಭಾವನಿಗೆ ಲಾರಿ ಗುದ್ದಿದ್ದು ಅಲ್ಲೇ. ಮನೆಗೆ ಬಂದದ್ದು ಹೆಣ. ಅಕ್ಕ ಮಂಡಿನೋವಿಗೆ ವ್ಯಾಯಾಮ ಮಾಡಲು ಹೋಗಬೇಕಾದ ಆಸ್ಪತ್ರೆಯೂ ಎದುರಿಗೇ, ನಲವತ್ತು ಹೆಜ್ಜೆ.

ಹತ್ತು ಗಂಟೆಗೆ ಅಕ್ಕ ಬಂದು ಅಂಚಿನಲ್ಲಿ ನಿಂತಳು. ಒಂದು ಕಾಲು ಮುಂದಿಟ್ಟಳು, ಹಿಂದಕ್ಕೆಳೆದುಕೊಂಡಳು. ಹಾಗೆ ಬಂದು, ನಿಂತು, ಜೀವಭಯದಿಂದ ಹಿಂತಿರುಗಿದವರು ಒಬ್ಬಿಬ್ಬರಲ್ಲ. ಕೊನೆಗೆ ಅಕ್ಕ ಆಟೋ ಹತ್ತಿದಳು. ಎರಡು ಮೈಲಿ ಸುತ್ತಿ ಎದುರಿನ ಬಾಗಿಲು ಸೇರಲು! ಆಟೋ ಹೊಗೆ ಕಾರುತ್ತ ಮುಂದೆ ಹಾದಾಗ ತಂಗಿಗೆ ಕೈ ಬೀಸಿದಳು. ತಂಗಿ ಆಟೋ ಗುಂಡಿ ಒತ್ತಿದಳು. ಒತ್ತಲೇಬೇಕಲ್ಲ.

ಸಂಜೆ ನೋಡಿದರೆ ನಡೆದು ದಾಟಿದವರು ಗಂಟೆಗೆ ನೂರಾ ತೊಂಬತ್ತು. ಇನ್ನಷ್ಟು ಒತ್ತಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ಸುಳ್ಳು ಅಂಕಿ ಕೊಟ್ಟವಳಲ್ಲ; ಮನಸ್ಸು ಒಪ್ಪಲಿಲ್ಲ. ಹಾಳೆಯ ಅಂಚಿನಲ್ಲಿ ನಿಜವನ್ನೇ ಬರೆದಳು: ನಿಂತು, ದಾಟಲಾಗದೆ ಹೋದವರು ಗಂಟೆಗೆ ಇನ್ನೂರ ಹತ್ತು.

ಕಚೇರಿಯಲ್ಲಿ ವರದಿ ಬರೆಯುವ ಅರ್ಥಶಾಸ್ತ್ರಜ್ಞ ಕೆಟ್ಟವನೇನಲ್ಲ, ಅವನೂ ಆ ಹಾಳೆಯ ಕಾಲಂಗಳಿಗೆ ಸೋತುಹೋಗಿದ್ದ. "ಅಮ್ಮಾ, ದಾಟದೇ ಇದ್ದವರನ್ನ ಯಾವ ಕಾಲಂಗೆ ಹಾಕ್ಲಿ ಹೇಳಿ?"

"ಅವರಿಗೂ ಒಂದು ಕಾಲಂ ಮಾಡಿ ಸಾರ್."

"ಮುಂದಿನ ಸಲ ನೋಡೋಣ."

ವರದಿ ಬಂತು. ನಡೆಯುವವರು ಕಡಿಮೆ, ಸಿಗ್ನಲ್ ಬೇಡ. ಗಾಡಿಗಳು ಹೆಚ್ಚು, ರಸ್ತೆ ಅಗಲ ಮಾಡಿ.

ಅದನ್ನು ಅಕ್ಕನಿಗೆ ಹೇಳುವಷ್ಟರಲ್ಲಿ ಲೆಕ್ಕದಮ್ಮನಿಗೆ ಸಾಕುಸಾಕಾಗಿತ್ತು.

"ನನ್ನನ್ನೂ ಎಣಿಸಿದ್ಯೇನೇ?" ಅಕ್ಕ ಕೇಳಿದಳು.

"ಎಣಿಸಿದೆ ಅಕ್ಕ. ಗಾಡಿ ಲೆಕ್ಕದಲ್ಲಿ."

ಅಕ್ಕ ಮಂಡಿ ನೀವಿಕೊಂಡಳು. "ಹಾಗಾದ್ರೆ ನಿಮ್ಮ ಭಾವ ಸತ್ತ ರಸ್ತೆನ ಅಗಲ ಮಾಡಿಸ್ತಿರೋಳು ನಾನೇ ಅನ್ನು."