ಸೋದರತ್ತೆಯ ಉಡಿ

ತಮ್ಮನ ಸಂಸಾರ ಕುವೈತಿನಿಂದ ಬಂದ ನಾಲ್ಕನೇ ದಿನಕ್ಕೇ ವೀರಭದ್ರಮ್ಮನಿಗೆ ಹೇಸಿಕೆ ಬಂದುಬಿಟ್ಟಿತು.

ಅವತ್ತು ಮುಂಜಾನೆ ಕಸಬರಿಗೆ ಹಿಡಿದು ಬಾಗಿಲು ತೆಗೆದರೆ, ಓಣಿಯ ಕೆಂಪು ನಾಯಿ ಕೂಸಿನ ಡೈಪರ್ ಕಚ್ಚಿಕೊಂಡು ಅಂಗಳದ ತುಂಬ ಎಳೆದಾಡುತ್ತಿತ್ತು. ಎಲ್ಲ ಕಡೆ ಬಿಳಿ ಅರಳೆ. ಅದರ ನಡುವೆ ಹಳದಿ. ಹಿತ್ತಲಲ್ಲಿ ತಾನೇ ತಗ್ಗು ತೋಡಿ ಕೊಟ್ಟಿದ್ದಳು, ಅದರಾಗ ಹಾಕಿ ಮಣ್ಣು ಎಳೀರಿ ಅಂತ. ತಮ್ಮನ ಹೆಂಡತಿ ರಾಜಶ್ರೀಗೆ ಅಷ್ಟು ದೂರ ಹೋಗಲು ಬ್ಯಾಸರ. ಕಿಟಕಿಯಿಂದಲೇ ಬೀಸಿ ಒಗೆದಿದ್ದಳು.

ಎದುರು ಮನೆಯ ಜಿಲಾನಿಸಾಬ್ ಬೇವಿನ ಕಡ್ಡಿ ಜಗಿಯುತ್ತ ನಿಂತು ನೋಡಿದ.

"ಏನ್ ಯಕ್ಕಾ, ಫಾರಿನ್ ಗೊಬ್ಬರ ಬಂದೈತಲ್ಲ ನಿಮ್ಮ ಮನಿಗೆ!"

"ನಿನ್ನ ಹೊಲಕ್ಕ ಬೇಕಂದ್ರ ಬುಟ್ಟಿ ತಗೊಂಡು ಬಾ."

ಅವನು ನಕ್ಕ. ಅವಳು ನಗಲಿಲ್ಲ. ಬಗ್ಗಿ ಒಂದೊಂದೇ ಆರಿಸಿದಳು.

ವೀರಭದ್ರಮ್ಮ ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ಓದಿದ್ದು ಐದನೇ ಇಯತ್ತೆ. ಹನ್ನೊಂದು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ತಮ್ಮ ವೀರೇಂದ್ರ ಆಗ ಎರಡು ವರ್ಷದ ಕೂಸು. ಅಪ್ಪ ಇದ್ದ, ಇದ್ದೂ ಇಲ್ಲದವ. ಅವತ್ತೇ ಅವಳ ಸಾಲಿ ಮುಗಿಯಿತು. ತಮ್ಮನ ಕುಂಡಿ ತೊಳೆದಳು, ಹೇನು ತೆಗೆದಳು, ಗಂಜಿ ಕುಡಿಸಿದಳು. ತುರ್ವಿಹಾಳದ ಅಮರಗುಂಡಪ್ಪನಿಗೆ ಮದುವೆ ಮಾಡಿ ಕೊಟ್ಟಾಗ ತಮ್ಮನೂ ಅವಳ ಹಿಂದೆಯೇ ಬಂದ. "ಹೆಣ್ಣು ತಂದ್ರ ಹುಡುಗ ಪುಕ್ಕಟ ಬಂದಾನ" ಎಂದು ಊರು ನಕ್ಕಿತು. ಅಮರಗುಂಡಪ್ಪ ಮಾತ್ರ ನಗಲಿಲ್ಲ. ತನ್ನ ತಾಟಿನ ಪಕ್ಕ ಇನ್ನೊಂದು ತಾಟು ಇಡಿಸಿದ. ಐ.ಟಿ.ಐ. ಓದಿಸಿದ. ಏಸಿ ರಿಪೇರಿ ಕಲಿತ ಹುಡುಗ ಸಿಂಧನೂರಿನ ಅಂಗಡಿಯಿಂದ ಹೈದರಾಬಾದಿಗೆ, ಅಲ್ಲಿಂದ ಕುವೈತಿಗೆ ಹೋದ. ಈಗ ಅಲ್ಲಿ ಮೂವತ್ತು ಮಂದಿ ಅವನ ಕೈಕೆಳಗೆ ಕೆಲಸ ಮಾಡುತ್ತಾರೆ.

ವೀರಭದ್ರಮ್ಮನಿಗೆ ಹೊಟ್ಟೆಯಲ್ಲಿ ಕೂಸು ನಿಲ್ಲಲಿಲ್ಲ. ಅಮರಗುಂಡಪ್ಪ ಅದಕ್ಕಾಗಿ ಯಾವ ದೇವರ ಹತ್ತಿರವೂ ಹೋಗಲಿಲ್ಲ. ಆದರೆ ವೀರೇಂದ್ರನಿಗೆ ಒಂದು ಹೆಣ್ಣಾದ ಮೇಲೆ ಎರಡು ಬಸಿರು ಇಳಿದು ಹೋದಾಗ, ಅಮರಗುಂಡಪ್ಪ ತನ್ನ ಹೆಂಡತಿಯನ್ನು ಕರೆದುಕೊಂಡು ಮಸ್ಕಿ ಗುಡ್ಡ ಹತ್ತಿದ. ಮಾತು ಕಮ್ಮಿ ಅವನದು. ಅವತ್ತು ಮಲ್ಲಯ್ಯನ ಮುಂದೆ ನಿಂತು ಬಾಯಿಬಿಟ್ಟು ಹೇಳಿದ: "ನಮ್ಮ ವೀರೇಂದ್ರಗ ಗಂಡು ಕೂಸು ಕೊಡಪ್ಪ. ಅದರ ಮೊದಲ್ನೇ ಕೂದಲು ನನ್ನ ಹೆಂಡ್ತಿ ಉಡ್ಯಾಗ ಬಿದ್ದು ನಿನಗ ಬರತೈತಿ."

ಗಂಡು ಹುಟ್ಟಿತು. ಕುವೈತಿನಲ್ಲಿ ಏನೋ ಹೆಸರಿಟ್ಟರು, ಅದು ಅವಳ ಬಾಯಲ್ಲಿ ಹೊರಳುವುದಿಲ್ಲ. ಅವಳಿಗೆ ಅವನು ಮಲ್ಲು. ಹರಕೆಯ ಕೂದಲೆಂದು ಕತ್ತರಿ ಮುಟ್ಟಿಸದೆ ಬಿಟ್ಟಿದ್ದರು. ಈಗ ಹುಡುಗನಿಗೆ ಮೂರನೆಯದು ನಡೆದಿತ್ತು, ಕೂದಲು ಹೆಗಲಿಗೆ ಬಂದಿತ್ತು. ಅದನ್ನು ತೆಗೆಸುವ ಜವಳಕ್ಕೆಂದೇ ಈ ಸಲ ಊರಿಗೆ ಬಂದಿದ್ದರು.

ಅಮರಗುಂಡಪ್ಪ ಇರಲಿಲ್ಲ. ಹತ್ತು ತಿಂಗಳ ಹಿಂದೆ ನೆಲ್ಲಿನ ಗದ್ದೆಗೆ ನೀರು ತಿರುವಲು ಹೋದವನು ಬದುವಿನ ಮೇಲೆ ಕುಂತ. ಕುಂತಲ್ಲೇ ಹೋದ. ಅವನ ಸಲಿಕೆಗೆ ಹತ್ತಿದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವಳು ಅದನ್ನು ತೊಳೆದಿರಲಿಲ್ಲ. ವೀರೇಂದ್ರನಿಗೆ ರಜೆ ಸಿಗಲಿಲ್ಲವಂತೆ. ಮಣ್ಣು ಕೊಟ್ಟದ್ದನ್ನು, ಅವಳ ಬಳೆ ಒಡೆದದ್ದನ್ನು ಯಾರೋ ಫೋನು ಹಿಡಿದು ತೋರಿಸಿದರು. ಗಂಡ ಹೆಂಡತಿ ಸೋಫಾದ ಮೇಲೆ ಕುಂತು ನೋಡಿ ಅತ್ತರು.

ಹೀಗಾಗಿ ಈ ಜವಳ ಅವಳಿಗೆ ಬರೀ ಜವಳ ಆಗಿರಲಿಲ್ಲ. ಸೋದರಮಾವ ಮೊದಲ ಎಳೆ ಕತ್ತರಿಸಬೇಕು, ಸೋದರತ್ತೆ ಸೆರಗು ಹಾಸಿ ಒಂದು ಕೂದಲೂ ನೆಲಕ್ಕೆ ಬೀಳದಂತೆ ಹಿಡಿಯಬೇಕು. ಅದು ಪದ್ಧತಿ. ಅದರ ಮೇಲೆ ಗಂಡನ ಮಾತು. ಸತ್ತವನು ಎದ್ದು ಬಂದು ಹರಕೆ ತೀರಿಸಲಾರ. ಅದಕ್ಕೆ ಉಳಿದಿದ್ದು ಅವಳ ಉಡಿ ಒಂದೇ.

ಸೋಮವಾರಕ್ಕೆ ಗೊತ್ತುಮಾಡಿದ್ದರು. ಅಷ್ಟರಲ್ಲಿ ಮಲ್ಲುಗೆ ಹೊಟ್ಟೆ ಕೆಟ್ಟಿತು. ಸಿಂಧನೂರು ಬಸ್‌ಸ್ಟ್ಯಾಂಡಿನ ಮುಂದೆ ಐಸ್ ಹಾಕಿದ ಕಬ್ಬಿನಹಾಲು ಕುಡಿಸಿದವರು ಅವರೇ. ದೂರು ಬಂದದ್ದು ವೀರಭದ್ರಮ್ಮನ ಮನೆಯ ಕೊಡದ ನೀರಿನ ಮೇಲೆ.

"ನಾವು ಅಲ್ಲಿ ಬಾಟಲಿ ನೀರು ಬಿಟ್ಟು ಏನೂ ಮುಟ್ಟಂಗಿಲ್ರಿ ಅಕ್ಕಾರ" ಎಂದಳು ರಾಜಶ್ರೀ.

"ಕಬ್ಬಿನಹಾಲಿನ ಐಸು ಬಾಟಲಿ ನೀರಿಂದೇನು?"

ರಾಜಶ್ರೀ ಕೇಳಿಸದವಳ ಹಾಗೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು. ಮನೆಯೊಳಗೆ ಕಾಲಿಟ್ಟಾಗಿನಿಂದ ಆ ಕರವಸ್ತ್ರ ಮೂಗಿನ ಮೇಲೇ ಇತ್ತು. ರೊಟ್ಟಿ ಬಡಿಯುವಾಗ ಹೊಗೆ ಅಂತ, ಬಚ್ಚಲಿಗೆ ವಾಸನೆ ಅಂತ, ಎಮ್ಮೆಗೆ ನೊಣ ಅಂತ. ಆರು ವರ್ಷದ ಮಗಳೂ ತಾಯಿಯನ್ನು ನೋಡಿ ಮೂಗು ಹಿಡಿಯುವುದು ಕಲಿತಿತ್ತು. ಅತ್ತೆ ತಟ್ಟಿದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮುಂದೆ ನೋಡುತ್ತಿತ್ತು, ಹುಳ ಇದೆಯೇನೋ ಅನ್ನುವಂತೆ. ಅದೇ ರೊಟ್ಟಿ ಸಿಂಧನೂರಿನ ಎರಡು ಖಾನಾವಳಿಗೆ ದಿನಾ ನೂರೈವತ್ತು ಹೋಗುತ್ತಿತ್ತು. ಅದರಿಂದಲೇ ಅವಳು ಉಣ್ಣುತ್ತಿದ್ದಳು.

ಮಲ್ಲು ಹಾಸಿಗೆಯಲ್ಲಿ ಮಾಡಿಕೊಂಡ. ಪಡಸಾಲೆಯಲ್ಲಿ ಮಾಡಿಕೊಂಡ. ರಾಜಶ್ರೀ ತೊಳೆಯಲು ಹೋಗಿ ಓ ಎಂದು ವಾಂತಿಯನ್ನೂ ಅಲ್ಲೇ ಮಾಡಿದಳು. ವೀರೇಂದ್ರ ಫೋನು ಹಿಡಿದು ಅಂಗಳಕ್ಕೆ ಹೋದ. ಮೂರು ದಿನ ಎರಡನ್ನೂ ಬಳಿದವಳು ವೀರಭದ್ರಮ್ಮ. ಹುಡುಗನ ಹೇಲಿಗೆ ಅವಳಿಗೆ ಹೇಸಿಕೆ ಆಗಲಿಲ್ಲ. ಅಕ್ಕಿ ಗಂಜಿಗೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸಿದಳು. ಹುಡುಗ ಅವಳ ತೊಡೆಯ ಮೇಲೆಯೇ ಮಲಗಿದ.

ಶನಿವಾರ ಸಂಜೆ ಅವಳು ಬಚ್ಚಲ ಕಲ್ಲಿನ ಮುಂದೆ ಕುಂತು ಹುಡುಗನ ಚಡ್ಡಿ ತಿಕ್ಕುತ್ತಿದ್ದಳು. ವೀರೇಂದ್ರ ಬಂದು ನಿಂತ.

"ಅಕ್ಕ, ಒಂದು ಮಾತು. ಬ್ಯಾಸರ ಮಾಡ್ಕೋಬಾರ್ದು."

"ಹೇಳು."

"ಸೋಮವಾರ ಉಡಿ ಹಿಡಿಯಾಕ ಮಸ್ಕಿ ಗಂಗಾಗ ಹೇಳೇವಿ."

ಗಂಗಾ ಚಿಕ್ಕಪ್ಪನ ಮಗಳು. ವೀರೇಂದ್ರನಿಗೆ ಆಕೆಯ ಮುಖ ಕಂಡರೆ ಗುರುತು ಹತ್ತುತ್ತಿತ್ತೋ ಇಲ್ಲವೋ.

"ಯಾಕ?"

"ನಮ್ಮತ್ತಿ ಅಂತಾರ... ಮೊದಲ್ನೇ ಶುಭಕಾರ್ಯ, ಮುತ್ತೈದಿ ಇದ್ರ ಚಲೋ ಅಂತ. ನೀ ಹಿಂದ ನಿಂದ್ರು ಅಕ್ಕ, ನೀನೂ ಬಂದಂಗ ಆತು."

"ನಿಮ್ಮತ್ತಿ ಅಂತಾಳ. ನೀ ಏನಂತಿ?"

"ನನಗ ಹಂಗೇನಿಲ್ಲ. ನಾವು ಅಲ್ಲಿ ಇದನ್ನೆಲ್ಲ ನಂಬಂಗೇ ಇಲ್ಲ. ಆದ್ರ ಜನ ಅಂತ ಇರ್ತಾರಲ್ಲ."

ವೀರಭದ್ರಮ್ಮ ಚಡ್ಡಿಯನ್ನು ಎತ್ತಿ ಹಿಡಿದಳು. ಅದರಿಂದ ನೀರು ಸೋರುತ್ತಿತ್ತು.

"ಇದನ್ನ ತೊಳಿಯಾಗ ಯಾವ ಜನ ಬಂದಿದ್ರಲೇ? ಇದಕ್ಕ ರಂಡಿ ಕೈ ನಡಿತೈತಿ, ಕೂದಲಕ್ಕ ನಡ್ಯಂಗಿಲ್ಲ?"

"ಅಕ್ಕ! ಹಂಗೆಲ್ಲ ಅನಬ್ಯಾಡ."

"ಅಂದಾವ ನೀನು. ನಾ ಬಿಡಿಸಿ ಹೇಳೀನಿ, ಅಷ್ಟ."

ಅವನು ಫೋನು ತೆಗೆದು ನೋಡಿದ. ಆಮೇಲೆ ಒಳಗೆ ಹೋದ. ಭಾವನ ಹರಕೆ ಏನಿತ್ತು ಅಂತ ಅವನಿಗೆ ಗೊತ್ತಿತ್ತು. ಹುಡುಗ ಹುಟ್ಟಿದಾಗ ಅಮರಗುಂಡಪ್ಪ ಫೋನಿನಲ್ಲಿ ತಾನೇ ಹೇಳಿದ್ದ. ಆ ಮಾತನ್ನು ಅವನು ಎತ್ತಲೂ ಇಲ್ಲ. ಅವಳು ಅವತ್ತು ಅಳಲಿಲ್ಲ. ಹಲ್ಲಿನ ಸಂದಿಯಲ್ಲಿ ಕೊಳೆತದ್ದೇನೋ ಸಿಕ್ಕಿಕೊಂಡ ಹಾಗೆ ಆಯಿತು. ಎರಡು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಸೋಮವಾರ ಹೋಗಬಾರದೆಂದುಕೊಂಡಳು. ಮುಂಜಾನೆ ಎದ್ದವಳೇ ಮೈತೊಳೆದು, ಹಣೆಗೆ ಇಬತ್ತಿ ಹಚ್ಚಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಕುಂತಳು. ಹಿಂದೆ ನಿಲ್ಲಲಿಕ್ಕಾದರೂ ಸೈ. ಮಲ್ಲಯ್ಯನ ಮುಖ ನೋಡಿ ಒಂದು ಮಾತು ಹೇಳುವುದಿತ್ತು.

ಲಿಂಗಸುಗೂರಿನಿಂದ ರಾಜಶ್ರೀಯ ಅವ್ವ, ಅಣ್ಣ ಬೇರೆ ಕಾರಿನಲ್ಲಿ ಬಂದಿದ್ದರು. ಅವ್ವ ಮಸ್ಕಿ ಗುಡ್ಡ ಹತ್ತುತ್ತ ಪ್ರತಿ ಹತ್ತು ಮೆಟ್ಟಿಲಿಗೆ ನಿಂತು, "ಬೀಗತ್ಯಾರ, ಆರಾಮಿದ್ದೀರಿ?" ಎಂದು ಕೇಳಿದಳು. ವೀರಭದ್ರಮ್ಮ ಮೂರನೇ ಸಲಕ್ಕೆ ಉತ್ತರ ಕೊಡುವುದನ್ನು ಬಿಟ್ಟಳು.

ಮೇಲೆ ಕ್ಷೌರದ ಮರಿಸ್ವಾಮಿ ಪೆಟ್ಟಿಗೆ ಬಿಚ್ಚಿಕೊಂಡು ಕುಂತಿದ್ದ. ರಾಜಶ್ರೀ ಅವನಿಗೆ ಹೊಸ ಬ್ಲೇಡು ಹಾಕಿಸಿದಳು, ಕತ್ತಿಯನ್ನು ಡೆಟಾಲಿನಲ್ಲಿ ಅದ್ದಿಸಿದಳು. ಆಮೇಲೆ ರಬ್ಬರಿನ ಕೈಗವಸು ಕೊಟ್ಟಳು.

"ತಂಗಿ, ಇದನ್ನ ಹಾಕ್ಕೊಂಡ್ರ ಕತ್ತಿ ಜಾರತೈತಿ" ಎಂದ ಮರಿಸ್ವಾಮಿ. "ಕೂದಲಿನ ಜೋಡಿ ಕಿವೀನೂ ಉಡ್ಯಾಗ ಬೀಳತೈತಿ. ಬೇಕೇನು?"

ಬೇಡವೆಂದಾಯಿತು. ಅಷ್ಟರಲ್ಲಿ ವೀರೇಂದ್ರನ ಫೋನು ಹೊಡೆದುಕೊಂಡಿತು. ಗಂಗಾನ ಗಂಡ. ಗಂಗಾ ಹೊರಗಾಗಿದ್ದಾಳೆ, ಗುಡಿಗೆ ಬರುವಂತಿಲ್ಲ.

ತಾಯಿ ಮಗಳು ಗೋಡೆಯ ಹತ್ತಿರ ಹೋಗಿ ಪಿಸುಪಿಸು ಮಾಡಿದರು. ಬಿಸಿಲು ಏರುತ್ತಿತ್ತು. ಹುಡುಗ ಅಳುತ್ತಿದ್ದ.

"ಸೋದರತ್ತಿ ಇಲ್ಲೇ ನಿಂತಾಳಲ್ರಿ" ಎಂದ ಮರಿಸ್ವಾಮಿ. "ಮತ್ಯಾರ ದಾರಿ ಕಾಯಾಕತ್ತೀರಿ?"

ರಾಜಶ್ರೀಯ ಅಣ್ಣ ಕೆಳಗಿಳಿದು ಹೋಗಿ ಏನನ್ನೋ ಕೊಂಡು ತಂದ. ರಾಜಶ್ರೀ ಅದನ್ನು ಹಿಡಿದುಕೊಂಡು ವೀರಭದ್ರಮ್ಮನ ಹತ್ತಿರ ಬಂದಳು. ಕರವಸ್ತ್ರ ಮೂಗಿನಿಂದ ಇಳಿದಿತ್ತು. ಮುಖದಲ್ಲಿ ನಗು ಇತ್ತು. ಕೈಯಲ್ಲಿ ಒಂದು ಡಜನ್ ಹಸಿರು ಬಳೆ, ಹಣೆಗೆ ಹಚ್ಚುವ ಟಿಕಳಿಯ ಒಂದು ಚೀಟಿ.

"ಅಕ್ಕಾರ, ನೀವೇ ಹಿಡೀರಿ. ಇವಷ್ಟು ಹಾಕ್ಕೊಂಡುಬಿಡ್ರಿ. ಬರೇ ವಿಡಿಯೋ ಮುಗಿಯೋ ತನಕ. ಆಮ್ಯಾಲ ತಗದ್ರ ಆತು. ಅಲ್ಲಿ ನಮ್ಮ ಮಂದಿ ಎಲ್ಲಾ ನೋಡ್ತಾರ್ರಿ."

ವೀರಭದ್ರಮ್ಮ ಬಳೆ ನೋಡಿದಳು. ತಮ್ಮನನ್ನು ನೋಡಿದಳು. ತಮ್ಮ ಫೋನು ನೋಡುತ್ತಿದ್ದ.

"ಒಡದಿದ್ದನ್ನ ಫೋನಿನಾಗ ನೋಡಿದ್ರಿ" ಎಂದಳು. "ಹಾಕ್ಕೊಳ್ಳೋದನ್ನೂ ಫೋನಿನಾಗ ನೋಡಬೇಕೇನು? ಏನ್ ನಾಟಕ ಕಂಪನಿಗೆ ಬಂದೀನೇನ್ ಬೇ ನಾನು?"

"ಹಂಗಲ್ರಿ ಅಕ್ಕಾರ..."

"ಸರದು ನಿಂದ್ರು ಅತ್ಲಾಗ."

ಅವಳು ಹೋಗಿ ಮರಿಸ್ವಾಮಿಯ ಎದುರಿಗೆ ಮಂಡಿ ಊರಿ ಕುಂತಳು. ಸೆರಗು ಬಿಡಿಸಿ ಎರಡೂ ಕೈಯಲ್ಲಿ ಹಾಸಿ ಹಿಡಿದಳು. ಹಣೆಯ ಮೇಲೆ ಇಬತ್ತಿ, ಬರೀ ಕೈ.

"ಹಚ್ಚು ಕತ್ತಿ."

ಮರಿಸ್ವಾಮಿ ಹುಡುಗನ ಅಪ್ಪನ ಕಡೆ ನೋಡಿದ. ವೀರೇಂದ್ರ ಹೆಂಡತಿಯ ಕಡೆ ನೋಡಿದ. ಹೆಂಡತಿ ತಾಯಿಯ ಕಡೆ. ಕೊನೆಗೆ ಮರಿಸ್ವಾಮಿಗೇ ಬ್ಯಾಸರ ಬಂತು.

"ನನಗ ಇನ್ನೂ ನಾಕು ತಲಿ ಅದಾವ್ರಿ. ಸೋದರಮಾವ ಯಾರು, ಬರ್ರಿ ಇಲ್ಲಿ."

ರಾಜಶ್ರೀಯ ಅಣ್ಣ ಒಂದು ಎಳೆ ಕತ್ತರಿಸಿದ. ಅದು ಅವಳ ಉಡಿಯಲ್ಲಿ ಬಿತ್ತು. ಮರಿಸ್ವಾಮಿ ತಲೆಗೆ ನೀರು ಸವರಿ ಕತ್ತಿ ಎಳೆದ. ರಾಜಶ್ರೀ ಫೋನನ್ನು ಅತ್ತ ಇತ್ತ ಸರಿಸಿ ಹಿಡಿದಳು.

"ಮಮ್ಮಿ, ಅತ್ತಿ ಮುಖ ಬರವಲ್ದು" ಎಂದಿತು ಮಗಳು.

"ಬರಬಾರ್ದು. ಸುಮ್ಮನಿರು."

ವೀರಭದ್ರಮ್ಮನಿಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಮಲ್ಲು ಕತ್ತಿಗೆ ಹೆದರಿ ಅವಳ ಕಡೆ ಕೈ ಚಾಚಿ ಅತ್ತ, ಅಳುತ್ತಲೇ ಉಚ್ಚೆ ಹೊಯ್ದ. ಅದು ನೆಟ್ಟಗೆ ಅವಳ ಉಡಿಗೆ ಬಂತು, ಕೂದಲಿನ ಮೇಲೆಯೇ. ಬೀಗತಿ "ಅಯ್ಯ, ಛೀ" ಎಂದು ಹಿಂದೆ ಸರಿದಳು.

"ಮಲ್ಲಯ್ಯಗ ಅಭಿಷೇಕ ಮೊದಲ ಆತು" ಎಂದ ಮರಿಸ್ವಾಮಿ.

ವೀರಭದ್ರಮ್ಮ ಅಲುಗಲಿಲ್ಲ. ಬಿಸಿ ಉಚ್ಚೆ ತೊಡೆಗೆ ಇಳಿಯಿತು. ಹೇಸಿಕೆ ಅನ್ನಿಸಿದ್ದು ಅದಲ್ಲ.

ಎಲ್ಲ ಮುಗಿದ ಮೇಲೆ ಕೂದಲು ಗಂಟು ಕಟ್ಟಿ ಒಬ್ಬಳೇ ಒಳಗೆ ಹೋದಳು. ದೇವರ ಮುಂದೆ ಇಟ್ಟಳು. "ಅವರು ಅಂದಿದ್ರಲ್ಲ, ತಂದೀನಿ. ಎಣಿಸಿ ತಗೋ" ಎಂದಳು. ಅಲ್ಲಿ ಮಾತ್ರ ಕಣ್ಣು ಒದ್ದೆಯಾಯಿತು. ಒರೆಸಲು ಸೆರಗು ಎತ್ತಿದರೆ ಅದು ಮೊದಲೇ ಒದ್ದೆ. ಮುಂಗೈಯಿಂದ ಒರೆಸಿಕೊಂಡು ಹೊರಗೆ ಬಂದಳು.

ಹೊರಗೆ ಹೋಳಿಗೆ ಬಡಿಸುತ್ತಿದ್ದರು. ಅವಳು ಚಪ್ಪಲಿ ಮೆಟ್ಟಿದಳು. ವೀರೇಂದ್ರ ಹಿಂದೆ ಹಿಂದೆ ಬಂದ.

"ಅಕ್ಕ, ಊಟ ಮಾಡ್ಕೊಂಡು ಹೋಗು. ಸಿಟ್ಟೇನು?"

"ಸಿಟ್ಟಿಲ್ಲ. ನಿನ್ನ ನೋಡಿದ್ರ ಹೇಸಿಕಿ ಬರಾಕತ್ತೈತಿ. ಉಂಡಿದ್ದು ನಿಲ್ಲಂಗಿಲ್ಲ."

ಅವನ ಮುಖ ಸಣ್ಣದಾಯಿತು. ಸಣ್ಣವನಿದ್ದಾಗ ಬೈಸಿಕೊಂಡರೆ ಹೀಗೇ ಆಗುತ್ತಿತ್ತು. ಆಗ ಅವಳು ಎತ್ತಿಕೊಳ್ಳುತ್ತಿದ್ದಳು.

"ನಾವು ಇಲ್ಲಿಂದ ಲಿಂಗಸುಗೂರಿಗೇ ಹೋಗ್ತೀವಿ ಅಕ್ಕ" ಎಂದ. "ಅಲ್ಲಿ ಏಸಿ ಐತಿ, ಹುಡುಗರಿಗೆ ಅನುಕೂಲ. ಬ್ಯಾಗು..."

"ಬಾಗಲಾಗ ಇಟ್ಟಿರತೀನಿ."

ಅವಳು ಮೆಟ್ಟಿಲಿಳಿದು ಬಸ್ ಹಿಡಿದಳು. ಪಕ್ಕದಲ್ಲಿ ಕುಂತ ಹೆಂಗಸು ವಾಸನೆಗೆ ಮೂಗು ಮುರಿದು, "ಏನವ್ವಾ ಇದು?" ಎಂದಳು. "ಹುಡುಗ ಹೊಯ್ದಾನ" ಎಂದಳು ವೀರಭದ್ರಮ್ಮ. "ಹ್ಞಾ, ಹುಡುಗಂದಾ" ಎಂದು ಆ ಹೆಂಗಸು ಇನ್ನಷ್ಟು ಹತ್ತಿರಕ್ಕೆ ಒತ್ತಿ ಕುಂತಳು.

ಮರುದಿನ ಬ್ಯಾಗು ಒಯ್ಯಲು ಕ್ರೂಸರಿನ ಡ್ರೈವರ್ ದಾದೇಸಾಬ ಒಬ್ಬನೇ ಬಂದ. ಅವಳು ಹಿಟ್ಟಿನ ಕೈ ತೊಳೆದು ಅವನಿಗೆ ಚಹಾ ಮಾಡಿಕೊಟ್ಟಳು. ಐದು ಬ್ಯಾಗು ಎತ್ತಿಟ್ಟ ಮೇಲೆ ಅವನು ಬಾಗಿಲಲ್ಲಿ ನಿಂತ.

"ಅಕ್ಕಾರ, ನಿಮ್ಮ ತಮ್ಮಗ ಏನಾರ ಹೇಳಬೇಕೇನ್ರಿ?"

ಅವಳು ಚಹಾದ ಬಟ್ಟಲು ಎತ್ತಿಕೊಂಡಳು.

"ಹುಡುಗಗ ಇನ್ನೂ ಎರಡು ದಿನ ಹಾಲು ಕೊಡಬ್ಯಾಡ ಅನ್ನು" ಎಂದಳು. "ಮತ್ತೇನಿಲ್ಲ."

ಖಾನಾವಳಿಯ ರೊಟ್ಟಿ ಇನ್ನೂ ಅರವತ್ತು ಬಾಕಿ ಇದ್ದವು. ಒಳಗೆ ಹೋಗಿ ಕುಂತಳು.