ಸಂಡಿಗೆ ಕಾದ ರಾಕ್ಷಸರು

ಬೆಳಿಗ್ಗೆ ಮಾಳಿಗೆಗೆ ಹೋದರೆ, ನಿನ್ನೆ ಇಟ್ಟ ಸಂಡಿಗೆಯ ಮೇಲೆ ಕೋತಿಯ ಬೆರಳ ಗುರುತು ಹಾಗೇ ಒಣಗಿತ್ತು. ಬೇಸಿಗೆ ರಜೆಗೆ ಬಂದ ಅಕ್ಕನ ಮೂವರು ಮಕ್ಕಳು ಕಾವಲಿಗೆ ಕೂತು ಮೊಬೈಲ್ ನೋಡಿದ್ದರು ಗೆಳೆಯರೇ. ನಮ್ಮೂರು ಕಡ್ಡಿರಾಂಪುರದ ಕೋತಿಗಳಿಗೆ ಅಷ್ಟು ಸಾಕು, ಅರ್ಧ ಸಂಡಿಗೆ ಹೋಗಿತ್ತು.

ಅವ್ವ ಇವತ್ತು ಮತ್ತೆ ಇಟ್ಟಳು. "ಇದೂ ಹೋದ್ರ ಈ ವರ್ಷ ಸಂಡಿಗೀನ ಇಲ್ಲ" ಎಂದು ಮಕ್ಕಳ ಜೊತೆ ನನ್ನನ್ನೂ ಕೂರಿಸಿದಳು. ಪಕ್ಕದ ಮಾಳಿಗೆಯಲ್ಲಿ ತನ್ನ ಸಂಡಿಗೆ ಇಡುತ್ತಿದ್ದ ದೊಡ್ಡವ್ವ ನಕ್ಕಳು. "ಎಂ.ಎ. ಓದಿದಾಕಿ ಬಾಯೇ ಬಿಡಂಗಿಲ್ಲ, ಮಂಗ್ಯಾನ್ನ ಹೆಂಗ ಓಡಸ್ತಾಳ?"

ನಾನು ಮೊಬೈಲ್ ಕಸಿಯಲಿಲ್ಲ, ಕತೆ ಶುರು ಮಾಡಿದೆ. ಕತೆಯಲ್ಲಿ ರಾಕ್ಷಸ ಬಂದಾಗಲೆಲ್ಲ ಮಕ್ಕಳು ಎದ್ದು ಗರ್ಜಿಸಬೇಕು. ಕೋತಿ ಕಂಡಾಗಲೆಲ್ಲ ನಾನು ರಾಕ್ಷಸನನ್ನು ಕರೆತಂದೆ. ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಚಾಪೆಯ ಕೆಳಗೆ ಬಿದ್ದಿತ್ತು, ಕಿರಿಯವಳೇ ಕೂಗುತ್ತಿದ್ದಳು: "ಚಿಗವ್ವ, ಮಂಗ್ಯಾ ಬಂತು, ರಾಕ್ಷಸನ್ನ ಜಲ್ದಿ ಕರಿ." ನಾಲ್ಕು ಸಲ ಬಂದ ಕೋತಿಗಳು ನಾಲ್ಕು ಸಲವೂ ಹೆದರಿ ದೊಡ್ಡವ್ವನ ಮಾಳಿಗೆಗೇ ಜಿಗಿದವು. ನಮ್ಮದೊಂದು ಸಂಡಿಗೆಯೂ ಹೋಗಲಿಲ್ಲ.

ಸಂಜೆ ದೊಡ್ಡವ್ವ ಉಳಿದ ಸಂಡಿಗೆಯ ಜೊತೆ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದಳು. "ನಾಳೆ ಇವನ್ನೂ ನಿನ್ನ ಕತಿಗೆ ಹಾಕ್ಕೊಳವಾ. ಒದರೋದ್ರಾಗ ಭಾಳ ಶಾಣ್ಯಾ ಅದಾವ."

ಹೊಸಪೇಟೆಯ ಬೇಸಿಗೆ ಶಿಬಿರದವರು ಮಕ್ಕಳಿಗೆ ಕತೆ ಹೇಳಲು ನನ್ನನ್ನು ಕರೆದಿದ್ದರು. ಜನರ ಮುಂದೆ ಮಾತಾಡಲು ನಾಚಿಕೆಯಾಗಿ, "ಆಗಂಗಿಲ್ರಿ" ಎಂಬ ಉತ್ತರವನ್ನು ಮೂರು ದಿನದಿಂದ ಮೊಬೈಲಿನಲ್ಲಿ ಕಳಿಸದೆ ಬರೆದಿಟ್ಟುಕೊಂಡಿದ್ದೆ. ಈಗಷ್ಟೇ ಅದನ್ನು ಅಳಿಸಿ "ಬರ್ತೀನ್ರಿ" ಎಂದು ಕಳಿಸಿದೆ. ದೊಡ್ಡವ್ವನಿಗೆ ಇನ್ನೂ ಹೇಳಿಲ್ಲ.