ಹಿಮ್ಮಡಿಯ ನಾಲ್ಕು ಹನಿ ರಕ್ತ

ಮಗಳು ಹುಟ್ಟಿದ ಎಂಟನೇ ದಿನ ತುಮಕೂರಿನ ಆಸ್ಪತ್ರೆಯಿಂದ ಫೋನ್ ಬಂತು. ಮೂರನೇ ದಿನ ಹಿಮ್ಮಡಿ ಚುಚ್ಚಿ ತೆಗೆದಿದ್ದ ರಕ್ತದಲ್ಲಿ ಥೈರಾಯ್ಡ್ ತೊಂದರೆ ತೋರಿಸುವ ಟಿಎಸ್‌ಎಚ್ ಜಾಸ್ತಿ ಇದೆ, ಇವತ್ತೇ ಕರೆತನ್ನಿ, ಇನ್ನೊಮ್ಮೆ ಟೆಸ್ಟ್ ಮಾಡಬೇಕು ಎಂದರು.

ನನಗೆ ಸಿಟ್ಟು ಬಂತು.

ಆ ಚುಚ್ಚುವುದೇ ನನಗೆ ಇಷ್ಟವಿರಲಿಲ್ಲ. ಹೆಂಡತಿ ಮಂಜುಳ ಬಸುರಿಯಾದಾಗಿನಿಂದ ಡಾಕ್ಟರು ಒಂದಲ್ಲ ಒಂದು ಟೆಸ್ಟ್ ಬರೆಯುತ್ತಲೇ ಇದ್ದರು; ಎಲ್ಲವೂ ನಾರ್ಮಲ್. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ತುಮಕೂರಿನ ಶಿರಾ ಗೇಟಿನಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ನನ್ನ ಸ್ವಂತದ್ದು. ಗುಬ್ಬಿಯಿಂದಲೂ ಪಂಪ್ ಮೋಟರ್ ಹೊತ್ತು ತರುತ್ತಾರೆ. ಯಾರು ಏನು ಹೇಳಿದರೂ ತಲೆಯಾಡಿಸಿ ಬದುಕಿದವನಲ್ಲ. ಮಗು ಮೂರು ಕೆಜಿ ಇತ್ತು, ಹಾಲು ಕುಡಿಯುತ್ತಿತ್ತು, ಅಳುತ್ತಲೇ ಇರಲಿಲ್ಲ. ಒಳ್ಳೆಯ ಕೂಸು ಎಂದು ನೋಡಿದವರೆಲ್ಲ ಹೊಗಳಿದ್ದರು.

ಮಂಜುಳ ಬಾಣಂತನಕ್ಕೆ ಕುಣಿಗಲ್‌ನ ತವರಿನಲ್ಲಿದ್ದಳು. ವಿಷಯ ತಿಳಿಸಲು ಅಲ್ಲಿಗೆ ಹೋದೆ. ಹನ್ನೊಂದನೇ ದಿನ ಪುರುಡು ಕಳೆಯುವವರೆಗೆ ಬಾಣಂತಿ, ಕೂಸು ಹೊಸಿಲು ದಾಟುವಂತಿಲ್ಲ ಎಂದರು ಅತ್ತೆ. ನನಗೂ ಅದೇ ಸರಿ ಎನಿಸಿತು. ಮೂರು ದಿನದಲ್ಲಿ ಏನಾಗಿಬಿಡುತ್ತದೆ?

ಮಂಜುಳ ನನ್ನನ್ನೇ ನೋಡಿದಳು. "ರೀ, ನೀವು ಸುತ್ತಿದ ಮೋಟರಿಗೆ ಮೀಟರ್ ಹಿಡಿದು ನೋಡ್ದೆ ಯಾವತ್ತಾದ್ರೂ ವಾಪಸ್ ಕೊಟ್ಟಿದೀರಾ?"

ಕೊಟ್ಟಿಲ್ಲ. ಹೊರಗೆ ಹೊಸದರಂತೆ ಹೊಳೆಯುವ ಮೋಟರ್ ಒಳಗೆ ಶಾರ್ಟ್ ಆಗಿರುವುದನ್ನು ದಿನಾ ನೋಡುವವನು ನಾನು.

ಅತ್ತೆ ಮತ್ತೆ ಪುರುಡಿನ ಮಾತೆತ್ತಿದರು.

"ನೀನು ಆಮೇಲೆ ಮನೆ ತೊಳ್ಕೋ ಬುಡವ್ವ. ನಾನು ಹೋಯ್ತೀನಿ," ಎಂದು ಮಂಜುಳ ಕೂಸನ್ನು ಎತ್ತಿಕೊಂಡು ಎದ್ದಳು.

ನಾನು ಕಾರು ಕರೆಯಲು ಹೋದೆ.

ಆಸ್ಪತ್ರೆಯಲ್ಲಿ ಈ ಸಲ ಕೂಸಿನ ಕೈಯಿಂದ ರಕ್ತ ತೆಗೆದರು. ಸಂಜೆಗೆ ರಿಪೋರ್ಟ್ ಬಂತು. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಳದೆ ಮಲಗುವುದೂ ಅದರಿಂದಲೇ ಇರಬಹುದು ಎಂದರು ಡಾಕ್ಟರ್.

ನಾವು ಒಳ್ಳೆಯ ಕೂಸು ಎಂದಿದ್ದೆವು.

"ಲಕ್ಷಣ ಕಾಣೋವರೆಗೂ ಕಾದಿದ್ರೆ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳ್ತಿತ್ತು. ಟೈಮ್‌ಗೆ ಬಂದಿದೀರ," ಎಂದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಮಾತ್ರೆಯ ಚೀಟಿಯನ್ನು ಎರಡು ಸಲ ಓದಿ ಔಷಧಿ ಅಂಗಡಿಗೆ ನಡೆದೆ.

ಈಗ ಅವಳಿಗೆ ಹತ್ತು ತಿಂಗಳು. ದಿನಾ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ, ಒಂದು ಚಮಚ ಎದೆಹಾಲಿನಲ್ಲಿ ಕದಡಿ ನಾನೇ ಕುಡಿಸುತ್ತೇನೆ. ಮೂರು ವರ್ಷ ತುಂಬಿದ ಮೇಲೆ ನಿಲ್ಲಿಸಿ ನೋಡೋಣ ಎಂದಿದ್ದಾರೆ. ಜೀವನಪೂರ್ತಿ ಬೇಕಾದರೂ ಬೇಕಾಗಬಹುದು. ಬರೆದ ಟೆಸ್ಟೆಲ್ಲ ಬೇಕೇ ಬೇಕೆಂದು ಈಗಲೂ ಹೇಳಲಾರೆ. ಯಾತಕ್ಕೆ ಎಂದು ಕೇಳುತ್ತೇನೆ. ಮೊದಲು ಬೇಡ ಎನ್ನುವುದಕ್ಕೆ ಕೇಳುತ್ತಿದ್ದೆ, ಈಗ ತಿಳಿದುಕೊಳ್ಳುವುದಕ್ಕೆ.

ಮೊನ್ನೆ ಮಂಚದ ಕಾಲು ಹಿಡಿದು ಅವಳು ಎದ್ದು ನಿಂತಳು. ಎಲ್ಲ ಮಕ್ಕಳೂ ನಿಲ್ಲುತ್ತವೆ. ನಾನು ಮಾತ್ರ ಅಂಗಡಿಗೆ ಹೊತ್ತಾದರೂ ನೋಡುತ್ತ ಕೂತೇ ಇದ್ದೆ.